7 ಲಕ್ಷದಲ್ಲಿ ಮೊದಲ ಕಾರು: ಹೊಸ ಸಣ್ಣದಾ, ಹಳೆ ಡೀಸೆಲ್ ದೊಡ್ಡದಾ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಮೈಸೂರಲ್ಲಿ ಕೆಲಸ, ದಿನಕ್ಕೆ ಹೋಗಿ ಬರೋಕೆ 20 ಕಿಲೋಮೀಟರ್. ತಿಂಗಳಿಗೊಮ್ಮೆ ಸಕಲೇಶಪುರದ ಹತ್ತಿರ ಊರಿಗೆ ಹೋಗ್ತೀರಿ, ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಮೊಣಕಾಲು ನೋವಿರುವ ಅಮ್ಮ. ಕೈಯಲ್ಲಿ 4 ಲಕ್ಷ ಇದೆ, 3 ಲಕ್ಷ ಸಾಲ ಮಾಡೋಕೆ ತಯಾರಿದ್ದೀರಿ. ಹೊಸ ಸಣ್ಣ ಕಾರು ತಗೊಳ್ಳಲಾ, ಐದು ವರ್ಷ ಹಳೆಯ ಡೀಸೆಲ್ ಎಸ್‌ಯುವಿ ತಗೊಳ್ಳಲಾ ಅಂತ ಕೇಳಿದ್ದೀರಿ.

ನಾನಾಗಿದ್ದರೆ ಎರಡೂ ತಗೊಳ್ತಿರಲಿಲ್ಲ. ನಾಲ್ಕೈದು ವರ್ಷ ಹಳೆಯ, ಒಬ್ಬರೇ ಓಡಿಸಿದ, ಎತ್ತರದ ಪೆಟ್ರೋಲ್ ಕಾರನ್ನು ಸಾಲ ಆದಷ್ಟು ಕಡಿಮೆ ಮಾಡಿ ತಗೊಳ್ತಿದ್ದೆ. ನಾನು ಮೆಕ್ಯಾನಿಕ್ ಅಲ್ಲ. ಎರಡು ಸಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಮೊದಲನೇ ಸಲ ಚೆನ್ನಾಗಿ ಏಟು ತಿಂದವನು, ಅಷ್ಟೇ.

ಮೊದಲು ಡೀಸೆಲ್ ವಿಷಯ ಮುಗಿಸಿಬಿಡೋಣ. ನಿಮ್ಮ ಓಡಾಟ ಕೂಡಿಸಿದೆ. ತಿಂಗಳಿಗೆ ಮೈಸೂರೊಳಗೆ 480, ಊರಿಗೆ ಹೋಗಿ ಬರೋಕೆ 310. ವರ್ಷಕ್ಕೆ ಹೆಚ್ಚು ಕಡಿಮೆ 9,500 ಕಿಲೋಮೀಟರ್. ಡೀಸೆಲ್ ಎಸ್‌ಯುವಿ ಲೀಟರಿಗೆ 16 ಕೊಟ್ಟರೆ, ಡೀಸೆಲ್ 91 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 54 ಸಾವಿರ. ಸಣ್ಣ ಪೆಟ್ರೋಲ್ ಕಾರು 17 ಕೊಟ್ಟರೆ, ಪೆಟ್ರೋಲ್ 103ರ ಲೆಕ್ಕದಲ್ಲಿ 57 ಸಾವಿರದ ಐನೂರು. ಉಳಿತಾಯ ವರ್ಷಕ್ಕೆ ಮೂರೂವರೆ ಸಾವಿರ! ಅದು ದೊಡ್ಡ ಗಾಡಿಯ ಟೈರಿಗೂ ಸಾಲೋದಿಲ್ಲ. ಎಂಜಿನ್ 1500 ಸಿಸಿ ದಾಟಿದರೆ ಥರ್ಡ್ ಪಾರ್ಟಿ ಇನ್ಶೂರೆನ್ಸೇ 7,897 ರೂಪಾಯಿ. 1000ದಿಂದ 1500 ಸಿಸಿ ಒಳಗಿದ್ದರೆ 3,416. ಉಳಿಸಿದ್ದು ಅಲ್ಲೇ ಹೋಯ್ತು.

ಇನ್ನೊಂದು ತೊಂದರೆ ಇದೆ, ಮಾರುವವರು ಇದನ್ನು ಹೇಳೋದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಬಿಸಿಯಾದಾಗ ಸುಟ್ಟುಹಾಕೋದು ಅದರ ಕೆಲಸ. ಅಷ್ಟು ಬಿಸಿಯಾಗಬೇಕಾದರೆ ಹೈವೇಯಲ್ಲಿ ಒಂದೇ ಸಮ ಓಡಬೇಕು. ದಿನಾ ಹತ್ತು ಕಿಲೋಮೀಟರ್ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗೋ ಗಾಡಿಯಲ್ಲಿ ಮಸಿ ತುಂಬ್ತಾ ಹೋಗುತ್ತದೆ, ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಹತ್ತುತ್ತದೆ. ತಿಂಗಳಿಗೊಮ್ಮೆ ಸಕಲೇಶಪುರಕ್ಕೆ ಓಡಿದರೆ ಸ್ವಲ್ಪ ಶುದ್ಧ ಆಗಬಹುದು. ಆದರೆ ಹಿಂದಿನ ಮಾಲೀಕ ಹೇಗೆ ಓಡಿಸಿದ್ದ ಅಂತ ನಿಮಗೆ ಗೊತ್ತಿರೋದಿಲ್ಲ ಅಲ್ವಾ? ಫಿಲ್ಟರ್ ಬದಲಿಸೋ ಖರ್ಚು ಒಂದು ಸಲ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಆಮೇಲೆ ಡೀಸೆಲ್ ಮಾತೇ ಎತ್ತೋದಿಲ್ಲ.

ಇನ್ನು ಹೊಸ ಕಾರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ನಿಮ್ಮ ಆಸೆ ತಪ್ಪಲ್ಲ. ಆದರೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಅಂತ ಒಂದು ಕೂತಿದೆ. 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಅದು 14 ಪರ್ಸೆಂಟ್, ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಆರು ಲಕ್ಷದ ಕಾರಿಗೆ 84 ಸಾವಿರ ತೆರಿಗೆ, 9,240 ಸೆಸ್. ಅಂದರೆ 93 ಸಾವಿರ, ಒಂದೇ ಒಂದು ಕಿಲೋಮೀಟರ್ ಓಡಿಸುವ ಮೊದಲೇ. ನಮ್ಮಲ್ಲೇ ರಿಜಿಸ್ಟರ್ ಆದ ಹಳೆ ಕಾರು ಕೊಂಡರೆ ಈ ತೆರಿಗೆಯನ್ನು ಮೊದಲನೆಯವರು ಕಟ್ಟಿ ಆಗಿರುತ್ತದೆ. ನೀವು ಮತ್ತೆ ಕಟ್ಟಬೇಕಾಗಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ದೊಡ್ಡ ಲಾಭ ಇರೋದೇ ಇಲ್ಲಿ, ಜನ ಅದನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ.

ಅದೇ ಕಾರಣಕ್ಕೆ ದೆಹಲಿ ಕಾರಿನ ಆಸೆಗೆ ಬೀಳಬೇಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತವೆ. ಬೆಲೆ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಂದು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ನಂಬರ್ ಹಾಕಿಸುವಷ್ಟರಲ್ಲಿ ಅಗ್ಗ ಅನ್ನೋದು ಕರಗಿಹೋಗಿರುತ್ತದೆ.

ನನಗೆ ಏಟು ಬಿದ್ದಿದ್ದು ಬೇರೆ ಥರ. 2023ರ ಶುರುವಿನಲ್ಲಿ ಬೆಂಗಳೂರಿನ ಒಬ್ಬ ಬ್ರೋಕರ್ ಹತ್ತಿರ ಒಂದು ಸೆಡಾನ್ ಕೊಂಡೆ. ಫೋಟೋ ನೋಡಿಯೇ ಅಡ್ವಾನ್ಸ್ ಕಳಿಸಿದ್ದೆ. ಎಮ್ಮೆಯನ್ನು ನೀರಲ್ಲಿ ಬಿಟ್ಟು ವ್ಯಾಪಾರ ಮಾಡೋದು ಅಂತಾರಲ್ಲ, ಅದೇ. ಹೋಗಿ ನೋಡಿದಾಗ ಗಾಡಿ ಫಳಫಳ ಹೊಳೀತಿತ್ತು, ಒಳಗೆ ಮಲ್ಲಿಗೆ ಸೆಂಟ್ ಘಮಘಮ. ಸೆಂಟ್ ಯಾಕೆ ಅಂತ ಆಗ ತಲೆಗೆ ಹೋಗಲಿಲ್ಲ. ಮಳೆಗಾಲ ಬಂತು, ಎಸಿ ಹಾಕಿದರೆ ಒದ್ದೆ ಗೋಣಿಚೀಲದ ವಾಸನೆ. ಆಮೇಲೆ ಪವರ್ ವಿಂಡೋ ನಿಂತುಹೋಯಿತು, ಏರ್‌ಬ್ಯಾಗ್ ದೀಪ ಹತ್ತಿಕೊಂಡಿತು. ನಮ್ಮ ಗ್ಯಾರೇಜಿನವರು ಡ್ರೈವರ್ ಸೀಟ್ ಬಿಚ್ಚಿ ಕಾರ್ಪೆಟ್ ಎತ್ತಿದರೆ, ಕೆಳಗೆ ಒಣಗಿದ ಸಣ್ಣ ಮಣ್ಣು, ಕೆರೆ ಬತ್ತಿದಾಗ ಇರುತ್ತಲ್ಲ ಹಾಗೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದರು, ಒಂದು ಕಡೆ ಅಡ್ಡಕ್ಕೆ ಕೆಸರಿನ ಗೆರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಲೇಔಟ್‌ಗಳೇ ಮುಳುಗಿದ್ದವಲ್ಲ, ಆಗ ಈಜಿದ ಗಾಡಿ ಇರಬೇಕು. ವೈರಿಂಗ್‌ಗೆ ಸುರಿದ ದುಡ್ಡಿನ ಮಾತು ಬೇಡ. ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿ, ಸಿಕ್ಕಷ್ಟಕ್ಕೆ ಮಾರಿದೆ.

ನಮ್ಮ ತಾತ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ ಮಾತಿಗೇ ಕೂರುತ್ತಿರಲಿಲ್ಲ. ಮಾರುವವನು ಇನ್ನೂ ಆರು ಹಲ್ಲು ಅಂದರೂ, ಎಂಟೂ ಹಲ್ಲು ಬಂದು ಬಾಯಿಗೂಡಿದೆಯೋ ಇಲ್ಲವೋ ಅಂತ ಬೆರಳು ಹಾಕಿ ನೋಡೋರು. ಕಾರಿಗೂ ಹಲ್ಲು ಇದೆ. ಟೈರಿನ ಪಕ್ಕದಲ್ಲಿ ಉದ್ದನೆಯ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2320 ಅಂತಿದ್ದರೆ 2020ರ 23ನೇ ವಾರ ತಯಾರಾದ ಟೈರ್. ಈಗ ಕಾರು 2020ರದ್ದು, ಮೀಟರ್ 27 ಸಾವಿರ ತೋರಿಸ್ತಿದೆ, ಟೈರ್ ಮಾತ್ರ ನಾಲ್ಕೂ 2023ರವು ಅಂದುಕೊಳ್ಳಿ. 27 ಸಾವಿರಕ್ಕೆ ನಾಲ್ಕೂ ಟೈರ್ ಯಾಕೆ ಸವೆದವು? ಮೀಟರ್ ಹಿಂದಕ್ಕೆ ಹೋಗಿದೆ ಅಂತ ಅನುಮಾನ ಪಡಲೇಬೇಕು. ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಆ ಕಂಪನಿಯ ಸರ್ವಿಸ್ ಸೆಂಟರಿಗೆ ಮಾಲೀಕರನ್ನೇ ಕರೆದುಕೊಂಡು ಹೋಗಿ, ಗಾಡಿ ನಂಬರ್ ಕೊಟ್ಟು ಹಳೆ ಸರ್ವಿಸ್ ದಾಖಲೆ ತೆಗೆಸಿ. ಯಾವ ತಾರೀಕಿಗೆ ಎಷ್ಟು ಕಿಲೋಮೀಟರ್ ಇತ್ತು ಅಂತ ಅದರಲ್ಲಿ ಸಾಲಾಗಿ ಇರುತ್ತದೆ. ಬರೋಕೆ ಆಗಲ್ಲ ಅಂತ ಮಾಲೀಕರು ನೆಪ ಹೇಳಿದರೆ ನಿಮಗೆ ಉತ್ತರ ಸಿಕ್ಕ ಹಾಗೇ.

ಗಾಜುಗಳನ್ನೂ ನೋಡಿ. ಪ್ರತಿ ಗಾಜಿನ ಮೂಲೆಯಲ್ಲಿ ಕಂಪನಿ ಗುರುತು, ವರ್ಷದ ಗುರುತು ಇರುತ್ತದೆ. ಒಂದೇ ಬಾಗಿಲಿನ ಗಾಜು ಬೇರೆ ಇದ್ದರೆ ಆ ಕಡೆ ಏನೋ ಬಡಿದಿದೆ. ಬಾನೆಟ್ ಹಿಡಿದಿರುವ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಆಡಿದೆ ಅಂತ ಅರ್ಥ. ಬಂಪರ್ ಗೀರಿಗೆ ಮಾತ್ರ ಹೆದರಬೇಡಿ. ನಮ್ಮ ರಸ್ತೆಯಲ್ಲಿ ಐದು ವರ್ಷ ಓಡಿ ಒಂದು ಗೀರೂ ಇಲ್ಲದ ಕಾರು ಕಂಡರೇ ನನಗೆ ಭಯ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು, ಮಣ್ಣು ಇದೆಯಾ ನೋಡಿ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಕೆಳಗೆ ಬಗ್ಗಿಯೂ ನೋಡಿ, ಕಡಲ ಗಾಳಿಗೆ ತುಕ್ಕು ಬೇಗ.

ಮತ್ತೆ ಒಂದು ಕೆಲಸ. ನೀವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಎಂಜಿನ್‌ನ ಅರ್ಧ ರೋಗ ಗೊತ್ತಾಗೋದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ.

ಎರಡನೇ ಕಾರನ್ನು ಹಾಸನದ ಒಬ್ಬ ಔಷಧಿ ಅಂಗಡಿಯವರ ಹತ್ತಿರ ಕೊಂಡೆ. ಬೇರೆಯವರಿಗಿಂತ 40 ಸಾವಿರ ಜಾಸ್ತಿ ಹೇಳಿದರು, ಒಂದು ಪೈಸೆ ಬಿಡಲಿಲ್ಲ. ಆದರೆ ಬಿಸ್ಕೆಟ್ ಡಬ್ಬದಲ್ಲಿ ಆರು ವರ್ಷದ ಎಲ್ಲ ಬಿಲ್ಲೂ ಇತ್ತು, ವೈಪರ್ ಬ್ಲೇಡಿನದ್ದು ಸಮೇತ. ಎಡಗಡೆ ಬಾಗಿಲು ಯಾವಾಗ, ಯಾವ ಗೇಟಿಗೆ ತಾಗಿತು ಅಂತ ಕೇಳುವ ಮೊದಲೇ ಹೇಳಿದರು. ಆ 40 ಸಾವಿರ ಕೊಟ್ಟಿದ್ದು ಕಾರಿಗಲ್ಲ, ಅವರಿಗೆ. ಇವತ್ತಿಗೂ ಬೇಜಾರಿಲ್ಲ. ಹಾಗಾಗಿ ಮಾಡೆಲ್ ಹುಡುಕುವುದಕ್ಕಿಂತ ಮನುಷ್ಯನನ್ನು ಹುಡುಕಿ ಅಂತ ಹೇಳ್ತೀನಿ. ನಿಮ್ಮ ಆಫೀಸಿನಲ್ಲಿ, ಅಮ್ಮನ ದೇವಸ್ಥಾನದ ಗುಂಪಿನಲ್ಲಿ, ಸಕಲೇಶಪುರದ ನೆಂಟರಲ್ಲಿ ಒಂದು ಮಾತು ಹಾಕಿ ಇಡಿ. ಒಳ್ಳೆ ಕಾರು ಮಾರಾಟದ ಬೋರ್ಡ್ ಹಾಕಿಸಿಕೊಳ್ಳುವ ಮೊದಲೇ ಕೈ ಬದಲಾಗಿರುತ್ತದೆ.

ಯಾವ ವರ್ಷದ್ದು ಅಂತ ಕೇಳಿದರೆ, 2019ರ ಜುಲೈಗಿಂತ ಹಳೆಯದು ಬೇಡ. ಆ ತಿಂಗಳಿನಿಂದ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆದವು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಅದಕ್ಕೂ ಮೂರು ತಿಂಗಳು ಮೊದಲೇ ಆಗಿತ್ತು. ಮುಂದೆ ಎರಡೂ ಕಡೆ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2022ರ ಹೊತ್ತಿಗೆ. ಅದಕ್ಕಿಂತ ಹಿಂದಿನ ಬೇಸ್ ಮಾಡೆಲ್ ಆದರೆ ನಿಮ್ಮ ಪಕ್ಕ ಕೂರುವವರಿಗೆ ಏರ್‌ಬ್ಯಾಗ್ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಮಣ್ಣಿನ ದಾರಿಗೆ ಮಾರುತಿ ಇಗ್ನಿಸ್ ಪರವಾಗಿಲ್ಲ, ನೆಲದಿಂದ 180 ಮಿಲಿಮೀಟರ್ ಎತ್ತರ. ಟಾಟಾ ಪಂಚ್ 187. ಪಂಚ್‌ಗೆ 2021ರಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಕೊಟ್ಟಿದೆ. ಘಾಟಿ ಕಡೆ ಮಳೆಯಲ್ಲಿ ಓಡಾಡುವ ನಿಮಗೆ ನನ್ನ ಮೊದಲ ಓಟು ಅದಕ್ಕೇ. ವ್ಯಾಗನ್ ಆರ್‌ನಲ್ಲಿ ಜಾಗ ಜಾಸ್ತಿ, ಆದರೆ 165. ಎಲ್ಲರೂ ಕೂತಾಗ ತೋಟದ ದಾರಿಯಲ್ಲಿ ಹೊಟ್ಟೆ ತಾಗಬಹುದು. ಫೋರ್ಡ್ ಇಕೋಸ್ಪೋರ್ಟ್ ಓಡಿಸೋಕೆ ಬಲು ಚೆಂದ, ನನಗೂ ಇಷ್ಟ. ಆದರೆ ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸ್ತೀವಿ ಅಂತ 2021ರಲ್ಲೇ ಹೇಳಿಬಿಟ್ಟಿತು. ಮೊದಲ ಕಾರಿಗೆ ಆ ತಲೆನೋವು ಬೇಡ.

ಬೆಲೆ ಮಾತಾಡುವಾಗ ಮಾರುವವರ ಇನ್ಶೂರೆನ್ಸ್ ಕಾಗದದಲ್ಲಿ ಐಡಿವಿ, ಅಂದರೆ ಇನ್ಶೂರೆನ್ಸ್ ಕಂಪನಿ ಕಾರಿಗೆ ಕಟ್ಟಿದ ಬೆಲೆ, ಎಷ್ಟಿದೆ ನೋಡಿ. ಲೆಕ್ಕದ ಪ್ರಕಾರ ಐದನೇ ವರ್ಷದ ಕಾರಿಗೆ ಅರ್ಧ ಬೆಲೆ ಕಳೆದಿರುತ್ತಾರೆ. ಬೇಡಿಕೆ ಇರುವ ಕಾರು ಅಷ್ಟಕ್ಕೆ ಸಿಗೋದಿಲ್ಲ, ನಿಜ. ಆದರೂ ಮಾತು ಶುರು ಮಾಡೋಕೆ ಒಂದು ಅಂಕಿ ಬೇಕಲ್ಲ. ಜಿಎಸ್‌ಟಿ ಇಳಿಯುವ ಮೊದಲಿನ ಹೊಸ ಕಾರಿನ ಬೆಲೆ ಹಿಡಿದುಕೊಂಡು ಯಾರಾದರೂ ವಾದ ಮಾಡಿದರೆ, ಇವತ್ತಿನ ಶೋರೂಮ್ ಬೆಲೆ ತೋರಿಸಿ.

ಕಾಗದ ಪತ್ರದಲ್ಲಿ ಸೋಮಾರಿತನ ಬೇಡ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಓನರ್, ಫೈನಾನ್ಸ್ ಇದೆಯಾ, ಇನ್ಶೂರೆನ್ಸ್ ಎಲ್ಲಿವರೆಗೆ ಅಂತ ಗೊತ್ತಾಗುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಗಾಡಿ ನಿಮ್ಮ ಹೆಸರಿಗೆ ಬದಲಿಸುವ ಫಾರಂ 29, 30ಕ್ಕೆ ಸಹಿ ಆಗಲಿ. ಟ್ರಾಫಿಕ್ ಫೈನ್ ಬಾಕಿ ಇದ್ದರೆ ಅವರೇ ಕಟ್ಟಲಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಡ್ಯಾಮೇಜ್‌ಗೆ ಕ್ಲೇಮ್ ಸಿಗೋದು ಕಷ್ಟ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರೋದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಪ್ರೀಮಿಯಂ ಜಾಸ್ತಿ ಬಂದರೆ ಗಾಬರಿ ಆಗಬೇಡಿ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ಹಳೆ ಕಾರಿನ ಸಾಲಕ್ಕೆ ಬಡ್ಡಿ ಹೊಸ ಕಾರಿಗಿಂತ ಜಾಸ್ತಿ. ಮೂರು ಲಕ್ಷ ಪೂರ್ತಿ ಸಾಲ ಮಾಡಿದರೆ ಲೈಫ್ ಟ್ಯಾಕ್ಸ್‌ನಲ್ಲಿ ಉಳಿಸಿದ್ದರಲ್ಲಿ ಒಳ್ಳೆಯ ಪಾಲು ಬಡ್ಡಿಗೇ ಹೋಗುತ್ತದೆ. ಅದಕ್ಕೇ ಐದು ಲಕ್ಷದೊಳಗೆ ನಿಲ್ಲಿಸಿ ಅನ್ನೋದು. ಮೇಲೆ 50 ಸಾವಿರ ಬೇರೆ ಎತ್ತಿಡಿ. ಟೈರ್, ಬ್ಯಾಟರಿ, ಆಯಿಲ್, ಬ್ರೇಕ್ ಪ್ಯಾಡ್ ಅಂತ ಮೊದಲ ಆರು ತಿಂಗಳಲ್ಲಿ ಏನಾದರೊಂದು ಬಂದೇ ಬರುತ್ತದೆ. ನೋಡೋಕೆ ಹೋಗುವಾಗ ಪರಿಚಯದ ಮೆಕ್ಯಾನಿಕ್ ಯಾರೂ ಜೊತೆಗೆ ಬರೋದಿಲ್ಲ ಮತ್ತು ಕಾರನ್ನು ಹದಿಮೂರು, ಹದಿನಾಲ್ಕು ವರ್ಷ ಇಟ್ಟುಕೊಳ್ತೀನಿ ಅನ್ನುವುದಾದರೆ ಮಾತ್ರ ಹೊಸದೇ ತಗೊಳ್ಳಿ. ಆಗ ನಾನು ವಾದ ಮಾಡೋದಿಲ್ಲ.

ಟೆಸ್ಟ್ ಡ್ರೈವ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಿ. ಹಿಂದಿನ ಸೀಟಿಗೆ ಮೂರು ಸಲ ಹತ್ತಿ ಇಳಿಯಲಿ. ತಗ್ಗಿನ ಸೀಟಿಗೆ ಕುಸಿದು ಕೂತು, ಏಳುವಾಗ ಬಾಗಿಲು ಹಿಡಿದು ಎಳೆದುಕೊಳ್ಳಬೇಕಾದರೆ ಆ ಕಾರು ನಿಮ್ಮ ಮನೆಗೆ ಬೇಡ. ನಮ್ಮಮ್ಮ ನನ್ನ ಮೊದಲ ಸೆಡಾನ್ ಹತ್ತೋಕೆ ಒಪ್ಪದೆ ಬಸ್ಸಲ್ಲೇ ಹೋಗ್ತಿದ್ದರು. ಮುಳುಗಿದ ಗಾಡಿ ಅಂತ ಗೊತ್ತಾಗುವ ಮೊದಲಿನ ಮಾತು ಇದು.

ಎರಡು ಮೂರು ಕಾರು ಕಣ್ಣಿಗೆ ಬಿದ್ದ ಮೇಲೆ ಮೀಟರ್ ರೀಡಿಂಗ್, ತಯಾರಾದ ವರ್ಷ, ನಾಲ್ಕೂ ಟೈರಿನ ಅಂಕಿ ಇಲ್ಲಿ ಕೆಳಗೆ ಬರೆದು ಹಾಕಿ. ಗಾಡಿ ನಂಬರ್ ಮಾತ್ರ ಹಾಕಬೇಡಿ. ನೋಡಿ ಹೇಳ್ತೀನಿ.