ಎಕ್ಸ್‌ರೇ ಕೋರ್ಸ್ ಸೇರೋ ಮುಂಚೆ ಆ ಕಾಲೇಜಿನ ಎಕ್ಸ್‌ರೇ ರೂಮ್ ನೋಡ್ಕೊಂಡು ಬನ್ನಿ

ಸೆಕೆಂಡ್ ಪಿಯು ರಿಸಲ್ಟ್ ಬಂದಾಗಿಂದ ಈ ಅಂಕಣಕ್ಕೆ ಬರ್ತಿರೋ ಪತ್ರಗಳಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಕೋರ್ಸ್ ಬಗ್ಗೆ ಕೇಳಿರೋವೇ ಜಾಸ್ತಿ. ಎಕ್ಸ್‌ರೇ ತೆಗೆಯೋ ಕೆಲಸಕ್ಕೆ ಸೇರಿ ನಂಗೆ ಇಪ್ಪತ್ತು ವರ್ಷ ದಾಟಿದೆ, ಅದ್ರಲ್ಲಿ ಹೆಚ್ಚಿನದ್ದು ಕೊಡಗಲ್ಲೇ. ಹಾಗಾಗಿ ಈ ಸಲ ಪೂರ್ತಿ ಇದಕ್ಕೇ ಇಟ್ಟಿದೀನಿ. ಹೆಸರು ಬೇಡ ಅಂದೋರೇ ಎಲ್ರೂ, ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಮೇಡಂ, ನಮ್ದು ಸೋಮವಾರಪೇಟೆ ಹತ್ರ ನಾಲ್ಕು ಎಕರೆ ಕಾಫಿ ತೋಟ. ಮಗ ಪಿಸಿಎಂಬಿ, 61 ಪರ್ಸೆಂಟ್, ನೀಟ್ ಆಗ್ಲಿಲ್ಲ. ಬೆಂಗಳೂರಿಂದ ಒಬ್ರು ದಿನಾ ಫೋನ್ ಮಾಡಿ ಆರು ತಿಂಗಳ ಎಕ್ಸ್‌ರೇ ಕೋರ್ಸ್ ಇದೆ, 90 ಸಾವಿರ, ಕೆಲಸ ಗ್ಯಾರಂಟಿ, ಈ ವಾರದೊಳಗೆ ಅಡ್ವಾನ್ಸ್ ಕಟ್ಟಿ ಅಂತಿದಾರೆ. ಕಟ್ಟೋದಾ?
– ಒಬ್ಬ ತಾಯಿ, ಸೋಮವಾರಪೇಟೆ

ಅಕ್ಕ, ಕಟ್ಬೇಡಿ. ಪತ್ರ ಓದಿದ ತಕ್ಷಣ ನಂಗೆ ಬಂದ ಮಾತು ಇದೊಂದೇ.

ನಮ್ಮ ದೇಶದಲ್ಲಿ ಎಕ್ಸ್‌ರೇ ಮೆಷಿನ್ ಇಡೋದಕ್ಕೂ ನಡೆಸೋದಕ್ಕೂ ಅಣುಶಕ್ತಿ ನಿಯಂತ್ರಣ ಮಂಡಳಿ ಅಂತ ಒಂದಿದೆ, ನಾವೆಲ್ಲ ಎಇಆರ್‌ಬಿ ಅಂತೀವಿ, 1983ರಲ್ಲಿ ಶುರುವಾಗಿದ್ದು. ಮೆಷಿನ್ ಮುಟ್ಟೋರು ಮಾನ್ಯತೆ ಇರೋ ಸಂಸ್ಥೇಲಿ ಸರಿಯಾಗಿ ರೇಡಿಯೋಗ್ರಫಿ, ಅಂದ್ರೆ ಎಕ್ಸ್‌ರೇ ತೆಗೆಯೋ ವಿದ್ಯೆ, ಓದಿರ್ಬೇಕು, ಆಸ್ಪತ್ರೇಲಿ ಕೈಯಾರೆ ಕಲ್ತಿರ್ಬೇಕು ಅಂತ ಅವರ ನಿಯಮ. ಆರು ತಿಂಗಳ ಕಾಗದ ಹಿಡ್ಕೊಂಡು ಹೋದ್ರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋಕೂ ಆಗಲ್ಲ, ಒಳ್ಳೆ ಆಸ್ಪತ್ರೆಯೋರು ಒಳಗೂ ಕರೆಯಲ್ಲ, ಕೊನೆಗೆ ಯಾವ್ದೋ ಸಣ್ಣ ಲ್ಯಾಬಲ್ಲಿ ಕಡಿಮೆ ಸಂಬಳಕ್ಕೆ ಹುಡುಗ ಕೂತ್ಕೋಬೇಕಾಗತ್ತೆ, ಅಲ್ಲಿ ಮೈಗೆ ಬಿದ್ದ ಕಿರಣ ಅಳೆಯೋ ಬ್ಯಾಡ್ಜೂ ಇರಲ್ಲ ಸೀಸದ ಏಪ್ರನ್ನೂ ಇರಲ್ಲ.

ನಿಮ್ಮ ಮಗಂಗೆ ಇರೋ ದಾರಿ ಎರಡು. ಒಂದು ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ, ಸೈನ್ಸ್ ಪಿಯು ಆದೋರಿಗೆ 2 ವರ್ಷ. ಇನ್ನೊಂದು ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ, ರಾಜೀವ್ ಗಾಂಧಿ ಆರೋಗ್ಯ ವಿವಿ ಕೆಳಗೆ ಓದಿದ್ರೆ 3 ವರ್ಷ ಕ್ಲಾಸು, 1 ವರ್ಷ ಇಂಟರ್ನ್‌ಶಿಪ್. ಮೈಸೂರು, ಮಂಗಳೂರು ಕಡೆ ಈ ಕೋರ್ಸ್ ಇರೋ ಕಾಲೇಜುಗಳು ಸುಮಾರಿವೆ, ಮಣಿಪಾಲದಲ್ಲೂ ಇದೆ. ಮನೇಲಿ ದುಡ್ಡಿನ ಕಷ್ಟ ಇದ್ದು ಬೇಗ ದುಡಿಯೋದು ಅನಿವಾರ್ಯ ಅಂದ್ರೆ ಡಿಪ್ಲೊಮಾ ಮಾಡ್ಲಿ, ಅದ್ರಲ್ಲಿ ಏನೂ ಕೀಳಲ್ಲ. ಆದ್ರೆ ನಾಲ್ಕು ವರ್ಷ ತಡ್ಕೊಳ್ಳೋಕೆ ಆಗತ್ತೆ ಅಂದ್ರೆ ಬಿಎಸ್ಸಿ ಮಾಡಿಸಿ, ಸಿಟಿ ಎಂಆರ್‌ಐಗೆ ಜನ ತಗೊಳ್ಳೋವಾಗ ಈಗ ದೊಡ್ಡ ಆಸ್ಪತ್ರೆಗಳು ಬಿಎಸ್ಸಿನೇ ಕೇಳ್ತಿವೆ, ಮುಂದೆ ಎಂಎಸ್ಸಿ ಮಾಡ್ಕೊಂಡು ಪಾಠ ಹೇಳೋಕೂ ಹೋಗ್ಬೋದು. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಆರೋಗ್ಯ ವೃತ್ತಿಗಳಿಗೆ ಅಂತಾನೇ ಬೇರೆ ಆಯೋಗದ ಕಾಯ್ದೆ ತಂದಿದೆ. ಇನ್ಮೇಲೆ ಓದಿಗೂ ನೋಂದಣಿಗೂ ಬಿಗಿ ಜಾಸ್ತಿ ಆಗತ್ತೇ ಹೊರತು ಕಡಿಮೆ ಆಗಲ್ಲ.

ಇನ್ನು ಕಾಲೇಜು ಆರಿಸೋ ವಿಷಯ. ಇಲ್ಲಿ ನಂದೇ ಕಥೆ ಹೇಳ್ಬೇಕು. ನಾನು ಮೊದ್ಲು ಸೇರಿದ ಜಾಗದಲ್ಲಿ, ಹೆಸರು ಬೇಡ, ಒಂದು ಎಕ್ಸ್‌ರೇ ಮೆಷಿನ್ ಇತ್ತು. ಅದ್ರ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ರು. ವರ್ಷ ಪೂರ್ತಿ ನಾವು ಬೆಂಚ್ ಮೇಲೆ ಒಬ್ರನ್ನೊಬ್ರು ಮಲಗಿಸ್ಕೊಂಡು, ಪುಸ್ತಕದಲ್ಲಿರೋ ಚಿತ್ರ ನೋಡಿ ಪೊಸಿಷನ್ ಕಲ್ತಿದ್ದು. ಪರೀಕ್ಷೇಲಿ ಮಾರ್ಕ್ಸ್ ಬಂತು. ಮೊದಲ ಕೆಲಸಕ್ಕೆ ಹೋದ ದಿನ ಸೊಂಟ ಮುರ್ಕೊಂಡ ಒಬ್ಬ ಅಜ್ಜನ್ನ ಸ್ಟ್ರೆಚರಲ್ಲಿ ತಂದ್ರು, ನೋವಲ್ಲಿ ಕಾಲು ಅಲ್ಲಾಡಿಸೋಕೂ ಬಿಡ್ತಿಲ್ಲ, ನಂಗೆ ಎಲ್ಲಿ ಕೈ ಹಾಕ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಸೀನಿಯರ್ ಬಂದು ಮಾಡಿದ್ರು, ನಾನು ಹೊರಗೆ ಹೋಗಿ ಅತ್ತಿದ್ದೆ. ಆ ಅಜ್ಜ ಕೂಗಿದ್ದು ಈಗ್ಲೂ ಕಿವೀಲಿದೆ.

ಅದಕ್ಕೆ ಅಕ್ಕ, ಮಗನ್ನ ಕರ್ಕೊಂಡು ನೀವೇ ಹೋಗಿ. ಆಫೀಸ್ ರೂಮಲ್ಲಿ ಕೂರಿಸಿ ಕಾಫಿ ಕೊಟ್ಟು ಕಲರ್ ಪುಸ್ತಕ ತೋರಿಸ್ತಾರೆ, ಅದನ್ನ ಪಕ್ಕಕ್ಕಿಟ್ಟು ಎಕ್ಸ್‌ರೇ ರೂಮ್ ತೋರಿಸಿ ಅನ್ನಿ. ಆಸ್ಪತ್ರೆ ಅವರದ್ದೇನಾ, ದಿನಕ್ಕೆ ಎಷ್ಟು ರೋಗಿಗಳು ಬರ್ತಾರೆ, ಬಾಗಿಲ ಹೊರಗೆ ಜನ ಕಾಯ್ತಿದಾರಾ ನೋಡಿ. ಸಿಟಿ, ಎಂಆರ್‌ಐ ಅಲ್ಲೇ ಇದ್ಯಾ ಅಥ್ವಾ ಬೇರೆ ಕಡೆ ಕಳಿಸ್ತಾರಾ ಕೇಳಿ. ಯೂನಿಫಾರ್ಮ್ ಹಾಕ್ಕೊಂಡಿರೋ ಹುಡುಗರು ಕಾರಿಡಾರಲ್ಲಿ ಸಿಕ್ಕೇ ಸಿಗ್ತಾರೆ, ನೀನು ಈ ವಾರ ಎಷ್ಟು ಎಕ್ಸ್‌ರೇ ತೆಗ್ದೆ ಅಂತ ಒಬ್ಬನ್ನ ಕೇಳಿ. ಅವನು ಮುಖ ಮುಖ ನೋಡಿದ್ರೆ ಅಲ್ಲಿಂದ ಎದ್ದು ಬನ್ನಿ. ಮಾನ್ಯತೆ ಬಗ್ಗೆ ಏಜೆಂಟ್ ಮಾತು ನಂಬ್ಬೇಡಿ, ಬೋರ್ಡ್ ಅಥ್ವಾ ವಿವಿ ವೆಬ್‌ಸೈಟಲ್ಲಿ ಆ ಕಾಲೇಜಿನ ಹೆಸರಿನ ಮುಂದೆ ಇದೇ ಕೋರ್ಸ್ ಇದ್ಯಾ ಅಂತ ನೋಡಿ, ಯಾಕಂದ್ರೆ ನರ್ಸಿಂಗಿಗೆ ಮಾನ್ಯತೆ ಇಟ್ಕೊಂಡು ಎಕ್ಸ್‌ರೇಗೆ ಇಲ್ಲದೇ ಇರೋವೂ ಇರ್ತವೆ.

ಪ್ರಶ್ನೆ: ಅಕ್ಕ, ನಂಗೆ ಈ ಕೋರ್ಸ್ ಮಾಡ್ಬೇಕು ಅಂತ ತುಂಬಾ ಆಸೆ. ಆದ್ರೆ ಅಜ್ಜಿ, ಹೆಣ್ಮಕ್ಕಳು ಆ ಕಿರಣದ ಹತ್ರ ಹೋದ್ರೆ ಮಕ್ಕಳಾಗಲ್ಲ ಅಂತ ಹಠ ಹಿಡಿದಿದಾರೆ. ನಿಜನಾ?
– ಪೊನ್ನಂಪೇಟೆ

ನಿಮ್ಮ ಅಜ್ಜಿಗೆ ಹೇಳಿ ಮಗಾ, ಇದನ್ನ ಬರೀತಿರೋಳು ಎರಡು ಮಕ್ಕಳ ತಾಯಿ, ಇಬ್ರೂ ನಾನು ಈ ಕೆಲಸದಲ್ಲಿ ಇರೋವಾಗ್ಲೇ ಹುಟ್ಟಿದ್ದು ಅಂತ.

ಅಜ್ಜಿ ಭಯ ಸುಮ್ನೆ ಬಂದಿದ್ದಲ್ಲ. 1895ರ ನವೆಂಬರಲ್ಲಿ ಜರ್ಮನಿಯ ರಾಂಟ್ಜೆನ್ ಈ ಕಿರಣ ಕಂಡುಹಿಡಿದಾಗ ಅದು ಮೈಗೆ ಏನು ಮಾಡತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಶುರುವಲ್ಲಿ ಕೆಲಸ ಮಾಡಿದ ಎಷ್ಟೋ ಜನ ಕೈ ಸುಟ್ಕೊಂಡ್ರು, ಬೆರಳು ಕಳ್ಕೊಂಡ್ರು, ಕ್ಯಾನ್ಸರ್ ಬಂದು ತೀರ್ಕೊಂಡ್ರು. ಅವರು ಅನುಭವಿಸಿದ್ರಿಂದ್ಲೇ ಇವತ್ತಿನ ನಿಯಮಗಳು ಬಂದಿರೋದು.

ಈಗ ನಾವು ರೋಗಿ ಪಕ್ಕ ನಿಂತ್ಕೊಂಡು ಎಕ್ಸ್‌ರೇ ತೆಗೆಯಲ್ಲ, ಸೀಸ ಹಾಕಿದ ತಡೆ ಹಿಂದೆ ನಿಂತು ಗಾಜಲ್ಲಿ ನೋಡ್ತಾ ಸ್ವಿಚ್ ಒತ್ತೋದು. ವಾರ್ಡಿಗೆ ಪೋರ್ಟಬಲ್ ಮೆಷಿನ್ ತಗೊಂಡು ಹೋದಾಗ ಏಪ್ರನ್ ಹಾಕ್ಕೊಂಡು ಆದಷ್ಟು ದೂರ ನಿಲ್ತೀವಿ. ದೂರ ಎರಡರಷ್ಟಾದ್ರೆ ಬೀಳೋ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ, ಹಾಗಾಗಿ ಎರಡು ಹೆಜ್ಜೆ ಹಿಂದೆ ಹೋಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ಎದೆ ಹತ್ರ, ಏಪ್ರನ್ ಒಳಗಡೆ ಟಿಎಲ್‌ಡಿ ಬ್ಯಾಡ್ಜ್ ಇರತ್ತೆ. ಮೂರು ತಿಂಗಳಿಗೊಮ್ಮೆ ಅದನ್ನ ಕಳಿಸಿದ್ರೆ ನಮ್ಮ ಮೈಗೆ ಎಷ್ಟು ಬಿದ್ದಿದೆ ಅಂತ ಲೆಕ್ಕ ಬರತ್ತೆ. ಮಿತಿ ಅಂತ ಇರೋದು ಐದು ವರ್ಷದ ಸರಾಸರಿ ತೆಗೆದ್ರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣದ ಅಳತೆ ಇದ್ರಲ್ಲೇ), ಯಾವುದೇ ಒಂದು ವರ್ಷದಲ್ಲಿ 30 ದಾಟಬಾರ್ದು. ಸುಮ್ನೆ ಮನೇಲಿ ಕೂತ್ರೂ ಮಣ್ಣಿಂದ, ಆಕಾಶದಿಂದ, ಗಾಳಿಯಿಂದ ಪ್ರಪಂಚದ ಸರಾಸರಿ ಲೆಕ್ಕದಲ್ಲಿ ವರ್ಷಕ್ಕೆ 2.4 ಬೀಳತ್ತೆ. ನನ್ನ ಬ್ಯಾಡ್ಜ್ ರಿಪೋರ್ಟ್ ಇಷ್ಟು ವರ್ಷದಲ್ಲಿ ಒಂದ್ಸಲನೂ ಮಿತಿ ಹತ್ರ ಹೋಗಿಲ್ಲ.

ಬಸುರಿ ಅಂತ ಗೊತ್ತಾದ ತಕ್ಷಣ ಹೇಳ್ಬೇಕು, ಇದು ಮುಖ್ಯ. ನಾಚ್ಕೊಂಡು ಮೂರು ತಿಂಗಳು ಆಗ್ಲಿ ಅಂತ ಕಾಯ್ಬಾರ್ದು. ಹೇಳಿದ ದಿನದಿಂದ ಮಗುಗೆ ಒಟ್ಟು 1 ಮಿಲಿಸೀವರ್ಟ್ ದಾಟದ ಹಾಗೆ ಕೆಲಸ ಬದಲಾಯಿಸಿ ಕೊಡೋದು ಆಸ್ಪತ್ರೆಯೋರ ಜವಾಬ್ದಾರಿ. ನಂಗೆ ಆಗ ರಿಜಿಸ್ಟರ್, ಅಪಾಯಿಂಟ್‌ಮೆಂಟ್, ರಿಪೋರ್ಟ್ ಕೊಡೋ ಕೆಲಸ ಕೊಟ್ಟಿದ್ರು. ಬ್ಯಾಡ್ಜ್ ಕೊಡದ ಕಡೆ ಮಾತ್ರ ಎಷ್ಟು ಸಂಬಳ ಅಂದ್ರೂ ಸೇರ್ಬೇಡ.

ಮತ್ತೆ ಹೆಣ್ಮಕ್ಕಳು ಈ ಕೆಲಸಕ್ಕೆ ಬರ್ಲೇಬೇಕು ಅಂತ ನಂಗೆ ಅನ್ಸೋದು ಯಾಕಂದ್ರೆ, ಎದೆ ಎಕ್ಸ್‌ರೇಗೆ ಬಂದ ಹೆಂಗಸಿಗೆ ಬಟ್ಟೆ ಬದಲಾಯಿಸಿ, ಕರಿಮಣಿ ತೆಗೀರಿ ಅನ್ಬೇಕು, ಮುಟ್ಟು ಯಾವಾಗ ಆಯ್ತು ಅಂತ ಕೇಳ್ಬೇಕು. ಗಂಡಸು ಕೇಳಿದ್ರೆ ಎಷ್ಟೋ ಜನ ಸುಳ್ಳು ಹೇಳ್ಬಿಡ್ತಾರೆ, ಇಲ್ಲ ತಲೆ ತಗ್ಗಿಸಿ ಸುಮ್ನಾಗ್ತಾರೆ. ನಾನು ಕರಿಮಣೀನ ಟ್ರೇಲಿ ಹಾಕಿ ಅನ್ನಲ್ಲ, ನಿಮ್ಮ ಕೈಲೇ ಗಟ್ಟಿ ಹಿಡ್ಕೊಳ್ಳಿ ಅಂತೀನಿ, ತಕರಾರಿಲ್ದೆ ತೆಗೀತಾರೆ.

ಪ್ರಶ್ನೆ: ನಾನು ಕಾಮರ್ಸ್ ಪಿಯು. ಬಿಎಸ್ಸಿ ಇಮೇಜಿಂಗ್ ಸೇರ್ಬೋದಾ?
– ಕುಶಾಲನಗರ

ಬಿಎಸ್ಸಿಗೆ ಆಗಲ್ಲ ತಮ್ಮ, ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಎಸ್ಸೆಸ್ಸೆಲ್ಸಿ ಮೇಲೆ ಪ್ಯಾರಾಮೆಡಿಕಲ್ ಬೋರ್ಡಲ್ಲಿ 3 ವರ್ಷದ ಡಿಪ್ಲೊಮಾ ಇದೆ, ಆ ದಾರಿ ನೋಡು. ಆದ್ರೆ ಫಿಸಿಕ್ಸ್ ತಪ್ಪಿಸ್ಕೊಳ್ಳೋಕೆ ಕಾಮರ್ಸ್ ತಗೊಂಡಿದ್ರೆ ಯೋಚನೆ ಮಾಡು, ಇಲ್ಲಿ ಮತ್ತೆ ಅದೇ ಎದುರಿಗೆ ಬರತ್ತೆ.

ಪ್ರಶ್ನೆ: ಕೋರ್ಸ್ ಮುಗಿಸಿದ್ರೆ ನಾವೇ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ ರಿಪೋರ್ಟ್ ಕೊಡ್ಬೋದಾ?
– ವಿರಾಜಪೇಟೆ

ಇಲ್ಲ. ರಿಪೋರ್ಟ್ ಬರಿಯೋದು ರೇಡಿಯಾಲಜಿಸ್ಟ್, ಅಂದ್ರೆ ಎಂಬಿಬಿಎಸ್ ಆದ್ಮೇಲೆ ಅದನ್ನೇ ಓದಿದ ಡಾಕ್ಟ್ರು. ಅಲ್ಟ್ರಾಸೌಂಡ್ ಅಂತೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಕೆಳಗೆ ಬರೋದ್ರಿಂದ ಅರ್ಹತೆ ಇರೋ, ನೋಂದಣಿ ಆಗಿರೋ ಡಾಕ್ಟ್ರೇ ಮಾಡ್ಬೇಕು. ಡಾಕ್ಟ್ರಿಲ್ಲ ನೀನೇ ಒಂದ್ಸಲ ನೋಡ್ಬಿಡು ಅಂತ ಯಾರು ಹೇಳಿದ್ರೂ ಕೈ ಹಾಕ್ಬೇಡಿ.

ಪ್ರಶ್ನೆ: ಮೇಡಂ, ಡಿಪ್ಲೊಮಾ ಎರಡನೇ ವರ್ಷ. ಆಸ್ಪತ್ರೆ ಪೋಸ್ಟಿಂಗಲ್ಲಿ ಸ್ವಿಚ್ ಒತ್ತಿ ಒತ್ತಿ ಬೇಜಾರಾಗಿದೆ. ಇದ್ರಲ್ಲಿ ಕಲಿಯೋಕೆ ಏನಿದೆ ಅಂತ ಅನ್ಸೋಕೆ ಶುರುವಾಗಿದೆ.
– ನಾಪೋಕ್ಲು

ಸ್ವಿಚ್ ಒತ್ತೋದು ಅರ್ಧ ಸೆಕೆಂಡಿನ ಕೆಲಸ ತಮ್ಮ, ನಮ್ಮ ಕೆಲಸ ಅದಕ್ಕೆ ಮುಂಚಿನ ಐದು ನಿಮಿಷದಲ್ಲಿದೆ.

ಎದೆ ಎಕ್ಸ್‌ರೇನೇ ತಗೋ. ರೋಗಿ ಎದೇನ ಚಿತ್ರ ಮೂಡೋ ಪ್ಲೇಟಿಗೆ ಒತ್ತಿ, ಬೆನ್ನ ಕಡೆಯಿಂದ ಕಿರಣ ಬರೋ ಹಾಗೆ, 180 ಸೆಂಟಿಮೀಟರ್ ದೂರದಿಂದ ಯಾಕೆ ತೆಗೀತೀವಿ? ಹೃದಯ ಮುಂದ್ಗಡೆ ಇರೋದು, ಪ್ಲೇಟಿಗೆ ಹತ್ರ ಇದ್ರೆ ಅದ್ರ ನೆರಳು ದೊಡ್ಡದಾಗಿ ಬೀಳಲ್ಲ. ತಿರುಗಿಸಿ ತೆಗ್ದು ಅದನ್ನ ಡಾಕ್ಟ್ರಿಗೆ ಹೇಳ್ದೇ ಇದ್ರೆ ಸರಿಯಿರೋ ಹೃದಯಾನೂ ದಪ್ಪ ಆದ ಹಾಗೆ ಕಾಣತ್ತೆ. ಭುಜ ಮುಂದೆ ತಳ್ಳಿಸಿಲ್ಲ ಅಂದ್ರೆ ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬಂದು ಕೂತ್ಕೊಳ್ಳತ್ತೆ, ಉಸಿರು ಪೂರ್ತಿ ಎಳೆಸಿಲ್ಲ ಅಂದ್ರೆ ಕೆಳಗಿನ ಭಾಗ ಮಬ್ಬಾಗಿ ನ್ಯುಮೋನಿಯಾ ಏನೋ ಅನ್ನೋ ಹಾಗಿರತ್ತೆ. ಮತ್ತೆ ನಮ್ಮ ಕೊಡಗಲ್ಲಿ ಉಸಿರು ಹಿಡ್ಕೊಳ್ಳಿ ಅನ್ನೋದನ್ನ ಎಷ್ಟು ಭಾಷೇಲಿ ಹೇಳ್ಬೇಕು ನೋಡು, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಈಗ ತೋಟದ ಕೆಲಸದೋರ ಲೈನ್‌ಮನೆಗಳಲ್ಲಿ ಅಸ್ಸಾಮಿನ ಜನ ಇರೋದ್ರಿಂದ ಹಿಂದಿ ಬೇರೆ. ನಾನು ಒಂದು ಪುಸ್ತಕದಲ್ಲಿ ಎಲ್ಲ ಭಾಷೇಲೂ ಉಸಿರು ಎಳೀರಿ, ಹಿಡೀರಿ, ಬಿಡಿ ಅಂತ ಬರ್ಕೊಂಡು ಬಾಯಿಪಾಠ ಮಾಡಿದೀನಿ, ನೀನೂ ಮಾಡು.

ಇನ್ನೊಂದು ಹೇಳ್ತೀನಿ. ಮೆಣಸು ಕೊಯ್ಲಿನ ಟೈಮಲ್ಲಿ ಏಣಿಯಿಂದ ಬಿದ್ದೋರು ನಮ್ಮಲ್ಲಿಗೆ ಬರ್ತಾನೇ ಇರ್ತಾರೆ. ಒಂದ್ಸಲ ಒಬ್ಬ ಹುಡುಗ, ಸಿಲ್ವರ್ ಓಕ್ ಮರದಿಂದ ಜಾರಿ ಕಾಲ ಮೇಲೇ ಬಿದ್ದಿದ್ದ. ಚೀಟೀಲಿ ಬರ್ದಿದ್ದು ಬಲ ಹಿಮ್ಮಡಿ ಎಕ್ಸ್‌ರೇ ಅಂತ ಅಷ್ಟೇ. ತೆಗ್ದೆ, ಹಿಮ್ಮಡಿ ಮೂಳೆ ಒಡೆದಿತ್ತು. ಆದ್ರೆ ಟೇಬಲ್ ಮೇಲೆ ಹೊರಳಿಸೋವಾಗ ಅವನು ಕಾಲಿಗಿಂತ ಜಾಸ್ತಿ ಸೊಂಟ ಹಿಡ್ಕೋತಿದ್ದ. ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ರೆ ಆ ಪೆಟ್ಟು ಹಾಗೇ ಮೇಲೆ ಹೋಗಿ ಬೆನ್ನುಮೂಳೆಗೂ ತಗಲ್ಬೋದು. ಅವನನ್ನ ಎಬ್ಬಿಸ್ಲೂ ಇಲ್ಲ, ಕೂರಿಸ್ಲೂ ಇಲ್ಲ, ಹಾಗೇ ಮಲಗಿಸಿಟ್ಟು ಡಾಕ್ಟ್ರಿಗೆ ಫೋನ್ ಮಾಡಿದೆ, ಸರ್, ಸೊಂಟನೂ ನೋವು ಅಂತಿದಾನೆ, ಒಂದ್ಸಲ ನೋಡ್ತೀರಾ ಅಂತ. ಅವರು ಬಂದು ನೋಡಿ ಬೆನ್ನಿನ ಎಕ್ಸ್‌ರೇನೂ ಬರ್ಕೊಟ್ರು, ಅಲ್ಲೂ ಒಂದು ಮೂಳೆ ಕುಸಿದಿತ್ತು. ಚೀಟೀಲಿ ಇಲ್ಲದ್ದನ್ನ ನಾವಾಗೇ ತೆಗೆಯೋ ಹಾಗಿಲ್ಲ, ಆದ್ರೆ ಕಂಡಿದ್ದನ್ನ ಹೇಳ್ದೇ ಇರೋ ಹಾಗೂ ಇಲ್ಲ.

ತಪ್ಪೂ ಆಗತ್ತೆ. ನಾನು ಶುರುವಲ್ಲಿ ಒಂದ್ಸಲ ಎಡಗೈ ಫಿಲಂ ಮೇಲೆ ಬಲಗೈ ಅಂತ ತೋರಿಸೋ ಮಾರ್ಕರ್ ಇಟ್ಟಿದ್ದೆ. ಡಾಕ್ಟ್ರು ರೋಗಿ ಕೈ ಮುಟ್ಟಿ ನೋಡಿದ್ರಿಂದ ಉಳಿತು. ಅವತ್ತಿಂದ ಇವತ್ತಿನವರೆಗೂ ಮಾರ್ಕರ್ ಇಡೋ ಮುಂಚೆ, ನೋವಿರೋ ಕೈ ಎತ್ತಿ ತೋರ್ಸಿ ಅಂತ ರೋಗಿಗೇ ಕೇಳ್ತೀನಿ, ಚೀಟೀಲಿ ಎಷ್ಟು ಸ್ಪಷ್ಟವಾಗಿ ಬರ್ದಿದ್ರೂ ಕೇಳ್ತೀನಿ.

ನಾಳೆ ಪೋಸ್ಟಿಂಗಿಗೆ ಹೋದಾಗ ನೀನು ತೆಗ್ದ ಹತ್ತು ಎಕ್ಸ್‌ರೇನ ಕಂಪ್ಯೂಟರಲ್ಲಿ ತಿರುಗಿ ತೆಗ್ದು ನೋಡು, ಯಾವ್ದು ರಿಪೀಟ್ ಆಯ್ತು, ಯಾಕೆ ಆಯ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರಿ. ಸಂಜೆ ಹೊತ್ತಿಗೆ ರೇಡಿಯಾಲಜಿಸ್ಟ್ ಸ್ವಲ್ಪ ಬಿಡುವಾಗಿರ್ತಾರೆ, ಆ ನೋಟ್‌ಬುಕ್ ತಗೊಂಡು ಹೋಗಿ ಪಕ್ಕದಲ್ಲಿ ನಿಂತ್ಕೋ. ಒಂದು ತಿಂಗಳು ಬಿಟ್ಟು ನಂಗೆ ಇನ್ನೊಂದು ಪತ್ರ ಬರಿ.