ಮೀಟಿಂಗಲ್ಲಿ ಜೋರಾಗಿ ಮಾತಾಡಿದ್ರೆ "ಮಾತ್ರೆ ತಗೊಂಡ್ರಾ?" ಅಂತಾರೆ

ಗುರುತು ಸಿಗೋ ವಿವರ ಎಲ್ಲಾ ಬದಲಾಯ್ಸಿದೀನಿ, ಅವ್ರನ್ನ ಕೇಳ್ಕೊಂಡೇ ಬರೀತಿರೋದು. ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯೋ ಕಾಯಿಲೆ) ಇರೋ ಹೆಣ್ಮಗಳು, ಈಗ ಚೆನ್ನಾಗಿದಾರೆ, ಆ ಅನುಭವಾನೇ ಅರ್ಹತೆ ಅಂತ ಒಂದು ಮಾನಸಿಕ ಆರೋಗ್ಯ ತಂಡದಲ್ಲಿ ಪೀರ್ ಸಪೋರ್ಟ್ ವರ್ಕರ್ ಆಗಿ, ಅಂದ್ರೆ ಅಂಥದ್ದೇ ಕಷ್ಟದಲ್ಲಿರೋರಿಗೆ ಜೊತೆಯಾಗಿ ನಿಲ್ಲೋ ಕೆಲಸಕ್ಕೆ, ಸೇರ್ಕೊಂಡಿದ್ರು. ನನ್ನ ಹತ್ರ ಬಂದಾಗ ಕೆಲಸ ಬಿಡೋ ಯೋಚನೇಲಿದ್ರು.

ಆಗಿದ್ದೇನಂದ್ರೆ, ಒಬ್ಬ ಪೇಷಂಟ್ ವಿಷಯದಲ್ಲಿ "ಅವ್ರನ್ನ ಒಂದು ಮಾತೂ ಕೇಳ್ದೆ ಡೋಸ್ ಜಾಸ್ತಿ ಮಾಡೋದು ಸರಿಯಲ್ಲ" ಅಂತ ಇವ್ರು ಮೀಟಿಂಗಲ್ಲಿ ಸ್ವಲ್ಪ ಜೋರಾಗೇ ಹೇಳಿದಾರೆ, ಪಕ್ಕದಲ್ಲಿ ಕೂತಿದ್ದ ನರ್ಸ್ ಮೆಲ್ಲಗೆ ಬಗ್ಗಿ "ರಾತ್ರಿ ನಿದ್ದೆ ಆಯ್ತಾ, ಮಾತ್ರೆ ತಗೊಂಡ್ರಾ?" ಅಂದ್ರಂತೆ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ ಅಂತ ಇವ್ರೇ ಹೇಳ್ತಾರೆ. ಸರಿ, ಆದ್ರೆ ಡಾಕ್ಟ್ರು ದನಿ ಏರಿಸ್ದಾಗ ಯಾರಾದ್ರೂ ಹೀಗೆ ಕೇಳ್ತಾರಾ? ಇದ್ರ ಜೊತೆಗೆ ಫೈಲ್ ಜೋಡ್ಸೋದೂ ಇವ್ರ ತಲೆಗೇ, ಇಂಜೆಕ್ಷನ್ ಬೇಡ ಅನ್ನೋರು ಬಂದ್ರೆ "ನೀವು ಹೇಳಿದ್ರೆ ಕೇಳ್ತಾರೆ, ಒಪ್ಸಿ" ಅಂತ ಇವ್ರನ್ನೇ ಮುಂದೆ ಬಿಡೋದು. ಅಲ್ಲಿಗೆ ನಂಬಿಕೆ ಕೆಡ್ತು, ಪೇಷಂಟ್ ಇನ್ನು ಬಾಯಿ ಬಿಡಲ್ಲ.

ಬಿಡೋದು ಆಮೇಲೆ ನೋಡೋಣ, ಮೊದ್ಲು ನಿಮ್ಮ ಕೆಲಸ ಯಾವ್ದು ಯಾವ್ದಲ್ಲ ಅಂತ ಬರವಣಿಗೇಲಿ ಕೇಳಿ ಅಂದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಬ್ಬರಿಗೊಬ್ಬರು ಕೊಡೋ ಪೀರ್ ಸಪೋರ್ಟ್ ಬಗ್ಗೆನೇ ಕೈಪಿಡಿ ತಂದಿದೆ, ಅದನ್ನ ಮುಂದಿಟ್ಕೊಂಡು ತಂಡದ ಮುಖ್ಯಸ್ಥರ ಹತ್ರ ಮಾತಾಡಿ, ದೂರಿನ ಥರ ಬೇಡ. ನಿಮ್ಮ ಕಥೆ ಯಾರಿಗೆ ಎಷ್ಟು ಹೇಳ್ಬೇಕು ಅನ್ನೋದು ನಿಮ್ಮಿಷ್ಟ, ಸಹೋದ್ಯೋಗಿಗಳಿಗೆ ಹೇಳ್ಲೇಬೇಕು ಅಂತೇನಿಲ್ಲ. ಪೇಷಂಟ್ ಜೊತೆ ಮೊದಲ ದಿನಾನೇ "ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ ತಂಡಕ್ಕೆ ತಿಳಿಸ್ತೀನಿ, ಅದೂ ನಿಮಗೆ ಹೇಳೇ" ಅಂದ್ಬಿಡಿ, ಮಧ್ಯದಲ್ಲಿ ಹೇಳಿದ್ರೆ ಮೋಸ ಅನ್ಸುತ್ತೆ. ನಿಮಗೆ ಹುಷಾರಿಲ್ದಾಗ ಎಲ್ಲರ ಥರಾನೇ ರಜೆ ಹಾಕಿ. ಸೂಪರ್ವಿಷನ್, ಅಂದ್ರೆ ನಿಮ್ಮ ಕೆಲಸದ ಬಗ್ಗೆ ಆಗಾಗ ಕೂತು ಮಾತಾಡಿ ದಾರಿ ತೋರ್ಸೋದು, ಅದು ಮಾತ್ರ ನಿಮಗೆ ಟ್ರೀಟ್ಮೆಂಟ್ ಕೊಡೋ ಡಾಕ್ಟ್ರ ಕೈಲಿ ಬೇಡ್ವೇ ಬೇಡ, ಸಾಧ್ಯ ಆದ್ರೆ ಅದಕ್ಕೆ ಹಳೇ ಪೀರ್ ವರ್ಕರ್ ಒಬ್ರು ಸಿಗ್ಲಿ.

"ಅನುಭವ ಒಂದಿದ್ರೆ ಸಾಕಾ?" ಅಂತ ಮುಖ್ಯಸ್ಥರು ಕೇಳಿದ್ರಂತೆ. ಸಾಲಲ್ಲ, ಟ್ರೈನಿಂಗ್ ಬೇಕು, ಸಂಬಳಾನೂ ಬೇಕು. 2013ರ ಕಾಕ್ರೇನ್ ವಿಮರ್ಶೇಲಿ (ಹಲವು ಅಧ್ಯಯನ ಒಟ್ಟಿಗೆ ಇಟ್ಟು ತೂಗಿ ನೋಡೋ ವರದಿ) ಇಂಥ ಪೀರ್ ವರ್ಕರ್‌ಗಳು ಮಾಡಿದ ಕೆಲಸದ ಫಲ ಅದೇ ಥರದ ಕೆಲಸ ಮಾಡೋ ಬೇರೆ ಸಿಬ್ಬಂದಿಗಿಂತ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ ಅಂತ ಬಂದಿದೆ, ಅಷ್ಟನ್ನೇ ಹೇಳಿ, ಉಬ್ಬಿಸ್ಬೇಡಿ ಅಂದೆ.

ಫೈಲ್ ಕೆಲಸ ತಪ್ಪಿದೆ, ಹೊರಗಿನ ಸೂಪರ್ವೈಸರ್ ಸಿಕ್ಕಿದಾರೆ. ನರ್ಸ್ ಹತ್ರ ಇವ್ರೇ ನೇರವಾಗಿ ಮಾತಾಡಿದ್ರು, ಅವ್ರಿಗೆ ಪಾಪ ತುಂಬಾ ನಾಚಿಕೆ ಆಯ್ತಂತೆ. ಇಂಜೆಕ್ಷನ್ ವಿಷಯದ ಜಗ್ಗಾಟ ಇನ್ನೂ ಮುಗಿದಿಲ್ಲ.