ಆಕಾಶಮಲ್ಲಿಗೆ ಮರದ ಬೇರಿನಿಂದ ಏಳುವ ಮರಿಗಳನ್ನು ಆಗಾಗ ಕತ್ತರಿಸುತ್ತಾ ಇದ್ದರೆ ಸಾಕಾ?

ಸಾಕಾಗಲ್ಲ. ಅಂಗಳ 20 ಅಡಿ ಇದೆ, ಕುಂಡದಲ್ಲಿ ಮರಿ ತಂದಿಟ್ಟಿದ್ದೇನೆ, ಹರಡಿದರೆ ಕತ್ತರಿಸುತ್ತೇನೆ ಅಂತ ಬರೆದಿದ್ದೀರಿ. ನಾನೂ ಹೀಗೇ ಅಂದುಕೊಂಡು 11 ವರ್ಷ ಕತ್ತರಿಸಿದೆ.

ಸ್ನೇಹಿತರ ಮರದ ಬುಡದಿಂದ ಒಂದು ಮರಿ ಕಿತ್ತು ತಂದು, ಕಿಟಕಿಯಿಂದ 8 ಅಡಿ ದೂರದಲ್ಲಿ ನೆಟ್ಟಿದ್ದೆ. ಪರಿಮಳ ಮಲಗುವ ಕೋಣೆಯೊಳಗೇ ಬರಲಿ ಅಂತ. 7ನೇ ವರ್ಷ ಹೂ ಬಿಟ್ಟಿತು. ಕತ್ತಲಾದ ಮೇಲೆ ಅರಳಿ, ಬೆಳಗಾಗುವಷ್ಟರಲ್ಲಿ ಉದ್ದ ತೊಟ್ಟಿನ ಬಿಳಿ ಹೂಗಳು ಅಂಗಳದ ತುಂಬಾ ಉದುರಿರುತ್ತಿದ್ದವು. ಆ ಪರಿಮಳವನ್ನು ಇವತ್ತಿಗೂ ಮರೆತಿಲ್ಲ.

ನನ್ನ ತಪ್ಪು ಗುದ್ದಲಿ ಹಿಡಿದದ್ದು. ಮರ ಚೆನ್ನಾಗಿರಲಿ ಅಂತ ಪ್ರತಿ ವರ್ಷ ಬುಡದ ಸುತ್ತ ಅಗೆದು ಗೊಬ್ಬರ ಹಾಕುತ್ತಿದ್ದೆ. ಮೇಲ್ಮಣ್ಣಿನಲ್ಲಿದ್ದ ಬೇರುಗಳಿಗೆ ಗುದ್ದಲಿ ತಾಗುತ್ತಿತ್ತು. ತಾಗಿದಲ್ಲೆಲ್ಲ ಮರಿ. ಬೇರಿಗೆ ಗಾಯವಾದರೆ ಅಲ್ಲೇ ಮೊಗ್ಗು ಏಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎದ್ದ ಮರಿಯನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ಯುತ್ತಿದ್ದೆ. ಮಣ್ಣಿನೊಳಗೆ ಉಳಿದ ಮೋಟಿನಿಂದ ಒಂದರ ಜಾಗದಲ್ಲಿ ಮೂರು ಬರುತ್ತಿದ್ದವು. ಅಂದರೆ ಗೊಬ್ಬರ ಹಾಕುವ ನೆಪದಲ್ಲಿ ಮರಿ ಎಬ್ಬಿಸಿದ್ದೂ ನಾನೇ, ಕೊಯ್ದು ಹೆಚ್ಚಿಸಿದ್ದೂ ನಾನೇ.

ಒಂದು ರಾತ್ರಿ ಗಾಳಿಗೆ ದೊಡ್ಡ ಕೊಂಬೆ ಮುರಿದು ಕಿಟಕಿ ಪಕ್ಕಕ್ಕೇ ಬಿತ್ತು. ಇದರ ಕೊಂಬೆಗಳು ಬಾಗುವುದಿಲ್ಲ, ಸುಲಭವಾಗಿ ಮುರಿಯುತ್ತವೆ. ಹೆದರಿ ಇಡೀ ಮರ ಕಡಿಸಿದೆ. ಆಮೇಲೆ ನೋಡಿ, ಎರಡೇ ತಿಂಗಳಲ್ಲಿ 40ಕ್ಕೂ ಜಾಸ್ತಿ ಚಿಗುರು, ಹಾಸುಗಲ್ಲಿನ ಸಂದಿಯಲ್ಲೂ. ಮರದ ತುದಿಯ ಚಿಗುರಿನಿಂದ ಇಳಿಯುವ ಹಾರ್ಮೋನು ಬೇರಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಮರ ಹೋದರೆ ಆ ತಡೆ ಹೋಯಿತು. ಬೇರಿನಲ್ಲಿ ಕೂಡಿಟ್ಟ ಶಕ್ತಿ ಮಾತ್ರ ಹಾಗೇ ಇರುತ್ತದೆ.

ಕೊನೆಗೆ ಕೆಲಸ ಮಾಡಿದ್ದು ತಾಳ್ಮೆ. ವಾರಕ್ಕೊಮ್ಮೆ ಸುತ್ತಾಡಿ, ಚಿಗುರು ಪೆನ್ಸಿಲ್ ದಪ್ಪ ಆಗುವ ಮೊದಲೇ ಮಣ್ಣು ಸರಿಸಿ, ಬೇರಿಗೆ ಅಂಟಿದ ಬುಡದಿಂದಲೇ ಕೀಳುತ್ತಿದ್ದೆ. ಎಲೆ ಬಿಡಲು ಅವಕಾಶ ಸಿಗದಿದ್ದರೆ ಬೇರು ಸೊರಗುತ್ತದೆ. ಎರಡು ವರ್ಷ ಹಿಡಿಯಿತು.

ಹಾಗಾಗಿ ಎಷ್ಟು ಸಲ ಕತ್ತರಿಸಬೇಕು ಅನ್ನುವ ಪ್ರಶ್ನೆಯನ್ನೇ ಬಿಡಿ. ಎಲ್ಲಿ ನೆಡುತ್ತೀರಿ ಅನ್ನುವುದೇ ಮುಖ್ಯ. ಇದು 60 ಅಡಿ ದಾಟುವ ಮರ. ಸುತ್ತ ಬಯಲಿದ್ದು, ಯಾರೂ ಬುಡ ಅಗೆಯದ ಕಡೆ ಚೆನ್ನಾಗಿರುತ್ತದೆ. ಪರಿಮಳಕ್ಕೆ ಕಿಟಕಿಯ ಪಕ್ಕವೇ ಇರಬೇಕಿಲ್ಲ, ರಾತ್ರಿ ಗಾಳಿಯಲ್ಲಿ ದೂರದಿಂದಲೇ ಬರುತ್ತದೆ. 20 ಅಡಿ ಅಂಗಳಕ್ಕೆ ಪಾರಿಜಾತ ನೆಡಿ. ಚಿಕ್ಕ ಮರ, ಅದೂ ರಾತ್ರಿ ಅರಳಿ ಬೆಳಗ್ಗೆ ಉದುರುತ್ತದೆ. ಕುಂಡದಲ್ಲಿರುವ ಮರಿಯನ್ನು ಜಾಗ ಇರುವವರಿಗೆ ಈ ವಾರವೇ ಕೊಟ್ಟುಬಿಡಿ. ಕುಂಡದ ತಳದ ತೂತಿನಿಂದ ಬೇರು ನೆಲಕ್ಕಿಳಿದಿದೆಯಾ ಅಂತಲೂ ಒಮ್ಮೆ ಎತ್ತಿ ನೋಡಿ.